ಸದ್ದಿಲ್ಲದೆ ಮುಚ್ಚಿಹೋಗುತ್ತಿದ್ದ ಅಪ್ಲಿಕೇಶನ್: ನನ್ನ ಅನುಭವ

ನಾನು ನೋಡಿಕೊಳ್ಳುವ ಡೆಸ್ಕ್‌ಟಾಪ್ ಅಪ್ಲಿಕೇಶನ್ ಡಬ್ಲ್ಯೂಪಿಎಫ್‌ನಲ್ಲಿ (ವಿಂಡೋಸ್ ಅಪ್ಲಿಕೇಶನ್‌ಗಳ ಪರದೆ ಕಟ್ಟಲು ಬಳಸುವ ಡಾಟ್‌ನೆಟ್ ಫ್ರೇಮ್‌ವರ್ಕ್) ಬರೆದದ್ದು. ಬಳಕೆದಾರರಿಂದ ಬರುತ್ತಿದ್ದ ದೂರು ಒಂದೇ: "ಕೆಲಸ ಮಾಡ್ತಾ ಇದ್ದ ಹಾಗೇ ಮುಚ್ಚಿಹೋಗುತ್ತೆ, ಎರರ್ ಮೆಸೇಜೂ ಬರಲ್ಲ." ನಮ್ಮ ಲಾಗ್ ಫೈಲಿನಲ್ಲೂ ಏನೂ ಇರುತ್ತಿರಲಿಲ್ಲ. ಪರದೆಯ ಕೆಲಸಗಳನ್ನು ಸರದಿಯಂತೆ ನಡೆಸುವ ಡಿಸ್ಪ್ಯಾಚರ್‌ನ ಅನ್‌ಹ್ಯಾಂಡಲ್ಡ್ ಎಕ್ಸೆಪ್ಶನ್ ಹ್ಯಾಂಡ್ಲರ್ (ಕೋಡಿನಲ್ಲಿ ಬೇರೆಲ್ಲೂ ಹಿಡಿಯದ ದೋಷ ಬಂದಾಗ ಓಡುವ ಫಂಕ್ಷನ್) ನೋಡಿದರೆ ಕೋಡಿನಲ್ಲಿ ಸರಿಯಾಗಿಯೇ ಇತ್ತು.

ಸುಳಿವು ಸಿಕ್ಕಿದ್ದು ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ. ಡಾಟ್‌ನೆಟ್ ರನ್‌ಟೈಮ್ ಹೆಸರಿನಲ್ಲಿ 1026 ಐಡಿಯ ಈವೆಂಟ್, ಸ್ಟ್ಯಾಕ್ ಟ್ರೇಸ್ (ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂಬ ಪಟ್ಟಿ) ಸಮೇತ. ತಳದಲ್ಲಿ ಟೈಮರ್ ಕಾಲ್‌ಬ್ಯಾಕ್ (ಟೈಮರ್ ಪ್ರತಿ ಸಲ ಕರೆಯುವ ಫಂಕ್ಷನ್), ತುದಿಯಲ್ಲಿ ನಮ್ಮದೇ ಆಟೋಸೇವ್ ಫಂಕ್ಷನ್, ದೋಷ ನಲ್ ರೆಫರೆನ್ಸ್, ಅಂದರೆ ಇಲ್ಲದ ವಸ್ತುವನ್ನು ಬಳಸಲು ಹೋದದ್ದು. ಆ ಟೈಮರ್ ಓಡುವುದು ಥ್ರೆಡ್ ಪೂಲ್‌ನಲ್ಲಿ, ಅಂದರೆ ಹಿನ್ನೆಲೆ ಕೆಲಸಕ್ಕೆಂದು ರನ್‌ಟೈಮ್ ಇಟ್ಟುಕೊಂಡಿರುವ ಥ್ರೆಡ್‌ಗಳಲ್ಲಿ. ಡಿಸ್ಪ್ಯಾಚರ್ ಹ್ಯಾಂಡ್ಲರ್‌ಗೆ ಕಾಣುವುದು ಪರದೆ ನೋಡಿಕೊಳ್ಳುವ ಯುಐ ಥ್ರೆಡ್ ಮಾತ್ರ. ಬೇರೆ ಥ್ರೆಡ್‌ನಲ್ಲಿ ಯಾರೂ ಹಿಡಿಯದ ಎಕ್ಸೆಪ್ಶನ್ ಬಂದರೆ, ಡಾಟ್‌ನೆಟ್ 2.0ರಿಂದ ಈಚೆಗೆ, ಪ್ರೋಸೆಸ್ಸೇ ನಿಂತುಹೋಗುತ್ತದೆ.

ಡಾಕ್ಯುಮೆಂಟ್ ಮುಚ್ಚುವಾಗ ಟೈಮರನ್ನು ಡಿಸ್ಪೋಸ್ ಮಾಡುತ್ತಿದ್ದರೂ (ನಿಲ್ಲಿಸಿ ಬಿಡುಗಡೆ ಮಾಡುತ್ತಿದ್ದರೂ) ಅದು ಸಾಲುತ್ತಿರಲಿಲ್ಲ. ಡಿಸ್ಪೋಸ್ ಕರೆದ ಮೇಲೂ ಆಗಲೇ ಕ್ಯೂ ಸೇರಿದ ಕಾಲ್‌ಬ್ಯಾಕ್ ಓಡಬಹುದು. ಅಷ್ಟರಲ್ಲಿ ಡಾಕ್ಯುಮೆಂಟ್ ನಲ್ ಆಗಿರುತ್ತಿತ್ತು. ಕಾಲ್‌ಬ್ಯಾಕ್‌ನ ಮೊದಲ ಸಾಲಿನಲ್ಲೇ ಅದನ್ನು ಲೋಕಲ್ ವೇರಿಯಬಲ್‌ಗೆ ತೆಗೆದುಕೊಂಡು, ನಲ್ ಆಗಿದ್ದರೆ ಹಿಂತಿರುಗುವಂತೆ ಮಾಡಿದೆ.

ನಂತರ, ಯಾವ ಥ್ರೆಡ್‌ನಲ್ಲಿ ದೋಷ ಬಂದರೂ ತಿಳಿಸುವ ಆ್ಯಪ್‌ಡೊಮೈನ್‌ನ ಅನ್‌ಹ್ಯಾಂಡಲ್ಡ್ ಎಕ್ಸೆಪ್ಶನ್ ಈವೆಂಟಿಗೂ ಹ್ಯಾಂಡ್ಲರ್ ಹಾಕಿದೆ. ಇದರಿಂದ ಪ್ರೋಸೆಸ್ ಉಳಿಯುವುದಿಲ್ಲ. ಹೋಗುವ ಮುಂಚೆ ನಾಲ್ಕು ಸಾಲು ಬರೆದಿಡಬಹುದು, ಅಷ್ಟೇ. ನಮ್ಮ ಲಾಗರ್ ಸಾಲುಗಳನ್ನು ಕ್ಯೂನಲ್ಲಿಟ್ಟು ಇನ್ನೊಂದು ಥ್ರೆಡ್‌ನಿಂದ ಬರೆಯುವಂಥದ್ದು. ಅದಕ್ಕೆ ಸರದಿ ಬರುವುದರೊಳಗೆ ಎಲ್ಲ ಮುಗಿದಿರಬಹುದು. ಹಾಗಾಗಿ ಇಲ್ಲಿ ಮಾತ್ರ ನೇರವಾಗಿ ಫೈಲಿಗೆ ಬರೆದು, ಬಫರಿನಲ್ಲಿ ಉಳಿಯದಂತೆ ಕೂಡಲೇ ಫ್ಲಶ್ ಮಾಡಿಸಿದೆ.

ಹಳೆಯ ಡಿಸ್ಪ್ಯಾಚರ್ ಹ್ಯಾಂಡ್ಲರ್ ಪ್ರತಿ ಎಕ್ಸೆಪ್ಶನ್‌ಗೂ 'ಹ್ಯಾಂಡಲ್ಡ್' ಎಂದು ಟ್ರೂ ಹಾಕುತ್ತಿತ್ತು. ಅದನ್ನು ತೆಗೆದೆ. ಅರ್ಧ ಬದಲಾದ ಡೇಟಾ ಇಟ್ಟುಕೊಂಡು ಮುಂದೆ ಓಡಿ, ಅದನ್ನೇ ಫೈಲಿಗೆ ಸೇವ್ ಮಾಡುವುದಕ್ಕಿಂತ ಅಪ್ಲಿಕೇಶನ್ ನಿಲ್ಲುವುದೇ ಬಳಕೆದಾರರಿಗೆ ಕ್ಷೇಮ.

ಟಾಸ್ಕ್‌ಗಳ (ಹಿನ್ನೆಲೆಯಲ್ಲಿ ನಡೆಸಿ ಫಲಿತಾಂಶ ಆಮೇಲೆ ಪಡೆಯುವ ಕೆಲಸಗಳ) ಕಥೆ ಬೇರೆ: ಡಾಟ್‌ನೆಟ್ 4.5ರಿಂದ, ಯಾರೂ ಗಮನಿಸದ ಟಾಸ್ಕ್ ಎಕ್ಸೆಪ್ಶನ್ ಪ್ರೋಸೆಸ್ಸನ್ನು ನಿಲ್ಲಿಸುವುದಿಲ್ಲ, ತೆಪ್ಪಗೆ ಮಾಯವಾಗುತ್ತದೆ. ಅದರ ಈವೆಂಟನ್ನೂ ಲಾಗ್ ಮಾಡಿಸಿದೆ.

ಸ್ಟ್ಯಾಕ್ ಓವರ್‌ಫ್ಲೋ ಆದರೆ (ಫಂಕ್ಷನ್ ಕರೆಗಳು ಬೆಳೆದು ಅವುಗಳಿಗಿಟ್ಟ ಮೆಮೊರಿ ತುಂಬಿಹೋದರೆ) ಈ ಯಾವ ಹ್ಯಾಂಡ್ಲರೂ ಓಡುವುದಿಲ್ಲ. ಅಂಥವಕ್ಕೆ ರಿಜಿಸ್ಟ್ರಿಯಲ್ಲಿ ಲೋಕಲ್‌ಡಂಪ್ಸ್ ಕೀ ಸೇರಿಸಿ, ಡಂಪ್‌ಟೈಪ್ 2 ಕೊಟ್ಟರೆ ಫುಲ್ ಡಂಪ್, ಅಂದರೆ ಕ್ರ್ಯಾಶ್ ಆದಾಗಿನ ಪ್ರೋಸೆಸ್ ಮೆಮೊರಿಯ ಪೂರ್ಣ ಪ್ರತಿ, ಸಿಗುತ್ತದೆ. ಡಂಪ್ ಓದುವಾಗ ಅದನ್ನು ನಮ್ಮ ಕೋಡಿನ ಸಾಲುಗಳಿಗೆ ಹೊಂದಿಸಲು ಬೇಕಾದ, ಪ್ರತಿ ರಿಲೀಸಿನ ಪಿಡಿಬಿ ಫೈಲುಗಳನ್ನು ಈಗ ಎತ್ತಿಡುತ್ತೇವೆ. ಅದೇ ಬಿಲ್ಡಿನದ್ದಲ್ಲದಿದ್ದರೆ ಡೀಬಗ್ಗರ್ ಒಪ್ಪುವುದಿಲ್ಲ.

ಕೊನೆಗೆ, ಬೇಕೆಂದೇ ಕ್ರ್ಯಾಶ್ ಮಾಡುವ ಗುಪ್ತ ಮೆನುವೊಂದನ್ನು ಸೇರಿಸಿದೆ: ಯುಐ ಥ್ರೆಡ್, ಥ್ರೆಡ್ ಪೂಲ್, ಟಾಸ್ಕ್, ಸ್ಟ್ಯಾಕ್ ಓವರ್‌ಫ್ಲೋ. ಪ್ರತಿ ರಿಲೀಸಿಗೆ ಮುಂಚೆ ಒಂದೊಂದನ್ನೂ ಒತ್ತಿ, ಲಾಗ್ ಅಥವಾ ಡಂಪ್ ಬಂತೇ ಎಂದು ನೋಡುತ್ತೇವೆ, ಅದೂ ಡೀಬಗ್ಗರ್ ಇಲ್ಲದೆ. ಡೀಬಗ್ಗರ್ ಜೋಡಿಸಿದ್ದರೆ ಎಕ್ಸೆಪ್ಶನ್ ಮೊದಲು ಅದರ ಕೈಗೇ ಹೋಗುತ್ತದೆ.