ಸ್ಕೇಟಿಂಗ್ ಬೂಟು ಕಚ್ಚಿದರೆ ಮೊದಲು ನಾಲಿಗೆ ನೋಡಿ

ಸ್ಕೇಟಿಂಗ್ ಮುಗಿಸಿ ಬಂದ ಮಾಣಿಯೋ ಕೂಸೋ ಕಣಕಾಲಿನ ಮುಂಭಾಗ ಉರಿಯುತ್ತದೆ ಎಂದರೆ, ಹೊಸ ಬೂಟು, ಪಳಗಲಿ ಎಂದು ಸುಮ್ಮನಿರಬೇಡಿ. ಬೂಟಿನ ಗಟ್ಟಿ ಚರ್ಮ ಕಣಕಾಲಿನ ಗಂಟಿನ ಹತ್ತಿರ ಕೆಲವು ದಿನ ಒತ್ತುವುದು ಉಂಟು. ಆದರೆ ಲೇಸು ಅಡ್ಡ ಹಾಯುವಲ್ಲೇ ಕೆಂಪು ಗೆರೆ, ಬಾವು ಕಂಡರೆ ಬೂಟಿನ ನಾಲಿಗೆ, ಅಂದರೆ ಲೇಸಿನ ಕೆಳಗಿರುವ ಮೆತ್ತನೆಯ ಪಟ್ಟಿ, ಸರಿಯಾಗಿ ಕೂತಿಲ್ಲ ಎಂದೇ ತಿಳಿಯಿರಿ. ಪಾದ ಮೇಲೆತ್ತುವ ಸ್ನಾಯುವಿನ ಹುರಿಗಳು ಅಲ್ಲಿ ಚರ್ಮದ ಕೆಳಗೇ ಇರುತ್ತವೆ. ಮಂಡಿ ಬಗ್ಗಿಸಿದಾಗಲೆಲ್ಲ ಲೇಸು ಅವನ್ನೇ ಅದುಮುತ್ತದೆ.

ಆಡುತ್ತ ಆಡುತ್ತ ನಾಲಿಗೆ ಸಾಮಾನ್ಯವಾಗಿ ಹೊರಬದಿಗೆ ಜಾರುತ್ತದೆ. ಬೂಟು ಹಾಕುವಾಗ ಲೇಸನ್ನು ಪೂರ್ತಿ ಸಡಿಲಿಸಿ, ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿ ಕೂರಿಸಿ, ನಾಲಿಗೆಯನ್ನು ಮೊಳಕಾಲ ಎಲುಬಿನ ನೇರಕ್ಕೆ ತನ್ನಿ. ಬೆರಳಿನ ಕಡೆ ಲೇಸು ಸಡಿಲ, ಪಾದದ ಉಬ್ಬಿನಿಂದ ಕಣಕಾಲಿನ ತಿರುವಿನವರೆಗೆ ಬಿಗಿ, ಮೇಲಿನ ಕೊಕ್ಕೆಗಳಲ್ಲಿ ಒಂದು ಬೆರಳು ತೂರುವಷ್ಟು ಜಾಗ. ಮೇಲೂ ಬಿಗಿದರೆ ಮಂಡಿ ಬಗ್ಗದು, ನೋವು ಹೆಚ್ಚುತ್ತದೆ. ನಾಲಿಗೆಯ ನಡುವೆ ಲೇಸು ತೂರಿಸುವ ಪಟ್ಟಿ ಇಲ್ಲದಿದ್ದರೆ ಚಪ್ಪಲಿ ಹೊಲಿಯುವವರ ಹತ್ತಿರ ಒಂದು ಹೊಲಿಸಿಕೊಳ್ಳಿ. ಸಣ್ಣ ಖರ್ಚು, ದೊಡ್ಡ ಉಪಕಾರ.

ನಾಲಿಗೆಯೊಳಗಿನ ಸ್ಪಂಜನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಮತ್ತೆ ಉಬ್ಬದಿದ್ದರೆ ಅದರ ಕೆಲಸ ಮುಗಿಯಿತು. 5-6 ಮಿ.ಮೀ. ದಪ್ಪದ ಸ್ಪಂಜಿನಲ್ಲಿ ನೋಯುವ ಜಾಗದಷ್ಟೇ ತೂತು ಕತ್ತರಿಸಿ ಒಳಗಿಡಿ. ಭಾರ ಸುತ್ತಲಿಗೆ ಹಂಚುತ್ತದೆ. ನೋವಿನ ಮೇಲೆಯೇ ತುಂಡು ಇಟ್ಟರೆ ಇನ್ನಷ್ಟು ಒತ್ತುತ್ತದೆ. ಎರಡೆರಡು ದಪ್ಪ ಕಾಲುಚೀಲವೂ ಬೇಡ, ತೆಳ್ಳಗಿನದು ಒಂದೇ ಸಾಕು. ಇಷ್ಟಾದ ಮೇಲೂ ಬಾವು ಇಳಿಯದಿದ್ದರೆ ಆಟ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಬೆಳೆಯುವ ಮಕ್ಕಳೆಂದು ಎರಡು ಸೈಜು ದೊಡ್ಡದು ತರುವುದು ತಪ್ಪು. ಒಳಗೆ ಪಾದ ಜಾರುತ್ತದೆ, ಆ ಜಾರಾಟ ತಡೆಯಲು ಲೇಸು ಬಿಗಿಯುತ್ತೇವೆ, ಅದೇ ಕಚ್ಚುತ್ತದೆ. ಸಂಜೆ, ಪಾದ ಸ್ವಲ್ಪ ಊದಿರುವಾಗ, ಒಳಹಾಸನ್ನು ಹೊರತೆಗೆದು ಮಗುವನ್ನು ಅದರ ಮೇಲೆ ನಿಲ್ಲಿಸಿ; ಉದ್ದದ ಬೆರಳಿನ ಮುಂದೆ ಅರ್ಧ ಸೆಂ.ಮೀ. ಉಳಿದರೆ ಸರಿ.

ನಮ್ಮ ಶಿರಸಿ, ಕಾರವಾರದ ಮಳೆಗಾಲಕ್ಕೆ ಚರ್ಮದ ಬೂಟು ಎರಡೇ ದಿನದಲ್ಲಿ ಬೂಸ್ಟು ಹಿಡಿದೀತು. ಬೆವರಿನ ಬೂಟನ್ನು ಚೀಲದಲ್ಲೇ ಬಿಡದೆ ಒಳಹಾಸು ತೆಗೆದು, ನಾಲಿಗೆ ಮುಂದಕ್ಕೆ ಮಗುಚಿ, ಹಳೆ ಪೇಪರು ತುರುಕಿ ಫ್ಯಾನಿನ ಕೆಳಗಿಡಿ. ಪೇಪರು ಒದ್ದೆಯಾದಂತೆ ಬದಲಿಸಿ. ಬಚ್ಚಲೊಲೆಯ ಹತ್ತಿರ ಮಾತ್ರ ಇಡಬೇಡಿ, ಅಂಟು ಬಿಟ್ಟು ಚರ್ಮ ಸೀಳುತ್ತದೆ. ಐಸ್ ಬೂಟಿನ ಬ್ಲೇಡಾದರೆ ಒಣಬಟ್ಟೆಯಲ್ಲಿ ಒರೆಸಿ ಬಟ್ಟೆಯ ಗವಸು ಹಾಕಿಡಿ. ಪ್ಲಾಸ್ಟಿಕ್ ಗವಸಿನಲ್ಲಿ ನೀರು ನಿಂತು ತುಕ್ಕು ಹಿಡಿಯುತ್ತದೆ.