ಪಾರ್ಕಿಗೆ ಹೊರಟ ಹೊಸಬರಿಗೆ: ಕೋವಿ ವಿಷಯದಲ್ಲಿ ಒಂದಿಷ್ಟು ಎಚ್ಚರ

ಟೆಕ್ಸಾಸ್‌ಗೆ ಬಂದ ಮೊದಲ ವರ್ಷ ಬಿಗ್ ಬೆಂಡ್ ನ್ಯಾಷನಲ್ ಪಾರ್ಕಿಗೆ ಹೋಗಿದ್ದೆವು. ಪ್ಯಾಂಥರ್ ಜಂಕ್ಷನ್‌ನ ವಿಸಿಟರ್ ಸೆಂಟರ್ ಮುಂದೆ ಕಾರು ನಿಲ್ಲಿಸಿ ಮಗಳಿಗೆ ಚಿತ್ರಾನ್ನ ತಿನ್ನಿಸುತ್ತಿದ್ದೆ. ಪಕ್ಕದ ಪಿಕಪ್‌ನಿಂದ ಇಳಿದವನ ಸೊಂಟದಲ್ಲಿ ಪಿಸ್ತೂಲು. ಎಲ್ಲರಿಗೂ ಕಾಣುವ ಹಾಗೆ, ಬೆಲ್ಟಿಗೆ ಕಟ್ಟಿದ ಚರ್ಮದ ಚೀಲದಲ್ಲಿ. ನನ್ನ ಹೆಂಡತಿ ಮಗಳನ್ನು ಎತ್ತಿಕೊಂಡು ಕಾರೊಳಗೆ ಕೂತುಬಿಟ್ಟಳು. ಅವನು ನಮ್ಮ ಕಡೆ ನೋಡಿ ಹಲೋ ಅಂದ, ಬಾಗಿಲವರೆಗೆ ಹೋದ, ಅಲ್ಲಿ ಅಂಟಿಸಿದ್ದ ಸೂಚನೆ ಓದಿದ, ವಾಪಸ್ ಬಂದು ಪಿಸ್ತೂಲನ್ನು ಗಾಡಿಯೊಳಗಿನ ಸಣ್ಣ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಆಮೇಲೆ ಒಳಗೆ ಹೋದ.

ಅಂಗಳದಲ್ಲಿ ನಡೆಯುತ್ತದೆ, ಕಟ್ಟಡದೊಳಗೆ ನಡೆಯುವುದಿಲ್ಲ. ಯಾಕೆ ಹಾಗೆ ಅಂತ ಅವತ್ತು ಹೇಳುವವರು ಯಾರೂ ಇರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಮ್ಮವರು ಬಂದ ಎರಡೇ ತಿಂಗಳಿಗೆ ಟೆಂಟ್ ಕೊಳ್ಳುತ್ತಾರೆ, ಕಾಡಿಗೆ, ಕೆರೆಗೆ ಹೊರಡುತ್ತಾರೆ. ಹೋಗಬೇಕು, ಖಂಡಿತ ಹೋಗಿ. ಇಷ್ಟು ತಿಳಿದುಕೊಂಡು ಹೋಗಿ.

ಮೊದಲು ನೋಡಬೇಕಾದ್ದು ಪಾರ್ಕಿನ ನಿಯಮ ಅಲ್ಲ, ನಿಮ್ಮ ವೀಸಾ. ಎಚ್-1ಬಿ, ಎಚ್-4, ಎಲ್-1, ಎಫ್-1, ಅಪ್ಪ ಅಮ್ಮ ಬರುವ ಬಿ-2, ಇವೆಲ್ಲ ನಾನ್-ಇಮಿಗ್ರಂಟ್ ವೀಸಾಗಳು, ಅಂದರೆ ಕಾಯಂ ನೆಲೆಸಲು ಅಲ್ಲದೆ ಸ್ವಲ್ಪ ಕಾಲಕ್ಕೆ ಕೊಡುವಂಥವು. ಇವುಗಳ ಮೇಲೆ ಬಂದವರು ಕೋವಿ ಆಗಲಿ ತೋಟಾ ಆಗಲಿ ಇಟ್ಟುಕೊಳ್ಳುವಂತಿಲ್ಲ ಅನ್ನುತ್ತದೆ ಫೆಡರಲ್ ಕಾನೂನು, ಅಂದರೆ ಅಮೆರಿಕದ ಕೇಂದ್ರ ಸರ್ಕಾರದ ಕಾನೂನು. ಶಿಕ್ಷೆ 15 ವರ್ಷದವರೆಗೂ ಹೋಗಬಹುದು. ಇದು ದೇಶಕ್ಕೆಲ್ಲ ಒಂದೇ. ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರ್‌ನಿಂದ 21 ವರ್ಷ ತುಂಬಿದವರು ಲೈಸೆನ್ಸ್ ಇಲ್ಲದೆ ಪಿಸ್ತೂಲು ಕಟ್ಟಿಕೊಂಡು ಓಡಾಡಬಹುದು ಅಂತ ಕೇಳಿ "ಹಾಗಾದರೆ ನಮಗೂ ಆಯ್ತಲ್ಲ" ಅಂದುಕೊಳ್ಳುತ್ತಾರೆ. ಇಲ್ಲ. ರಾಜ್ಯ ಕೊಟ್ಟ ಸಡಿಲಿಕೆ ನಿಮ್ಮ ವೀಸಾದ ಕಟ್ಟನ್ನು ಬಿಚ್ಚುವುದಿಲ್ಲ.

ಒಂದು ವಿನಾಯಿತಿ ಇದೆ. ಯಾವುದಾದರೂ ರಾಜ್ಯದ ಬೇಟೆ ಲೈಸೆನ್ಸ್, ಅವಧಿ ಮುಗಿಯದೆ ಇರುವಂಥದ್ದು, ನಿಮ್ಮ ಹೆಸರಿನಲ್ಲಿದ್ದರೆ ಆ ನಿಷೇಧ ಅನ್ವಯಿಸುವುದಿಲ್ಲ. ಅದನ್ನು ನಂಬಿಕೊಂಡು ಆನ್‌ಲೈನ್‌ನಲ್ಲಿ ಲೈಸೆನ್ಸ್ ತಗೊಂಡು ಶೂಟಿಂಗ್ ರೇಂಜಿಗೆ ಹೋಗುವ ಹುಡುಗರಿದ್ದಾರೆ. ಗ್ರೀನ್ ಕಾರ್ಡಿಗೆ ಹತ್ತು ವರ್ಷ ಕಾಯುತ್ತಿರುವವರು ಒಂದು ಮಧ್ಯಾಹ್ನದ ಖುಷಿಗೆ ಇಷ್ಟು ಸಣ್ಣ ಎಳೆ ಹಿಡಿದು ನೇತಾಡಬೇಕಾ? ನನಗಂತೂ ಬೇಡ ಅನಿಸುತ್ತದೆ. ಕೋವಿಗೆ ಸಂಬಂಧಿಸಿದ ಯಾವುದೇ ಕಾನೂನಿನಡಿ ಅಪರಾಧ ಸಾಬೀತಾದರೆ ಗಡೀಪಾರು ಮಾಡಬಹುದು, ಗ್ರೀನ್ ಕಾರ್ಡ್ ಇದ್ದವರನ್ನೂ ಸೇರಿಸಿ. 2019ರಲ್ಲಿ ಸುಪ್ರೀಂ ಕೋರ್ಟ್‌ವರೆಗೆ ಹೋದ ಕೇಸೊಂದಿದೆ. ಸ್ಟೂಡೆಂಟ್ ವೀಸಾದಲ್ಲಿ ಬಂದ ಒಬ್ಬ, ಕಾಲೇಜು ತಪ್ಪಿದ ಮೇಲೂ ಇಲ್ಲೇ ಉಳಿದು, ಫ್ಲೋರಿಡಾದ ಒಂದು ರೇಂಜಿನಲ್ಲಿ ಗುಂಡು ಹೊಡೆದಿದ್ದ. ತನ್ನ ವೀಸಾ ಸ್ಥಿತಿ ಅವನಿಗೆ ಗೊತ್ತಿತ್ತು ಅಂತ ಸರ್ಕಾರ ಸಾಬೀತು ಮಾಡಬೇಕು ಅಂತ ಕೋರ್ಟು ಹೇಳಿತು, ನಿಜ. ಆದರೆ ಅಲ್ಲಿಗೆ ಹೋಗಿ ಮುಟ್ಟುವಷ್ಟರಲ್ಲಿ ಅವನ ಬದುಕಿನ ಎಷ್ಟು ವರ್ಷ ಹೋಗಿರಬೇಕು ನೋಡಿ.

ನಮ್ಮ ಅಪ್ಪನ ವಿಷಯ ಹೇಳುತ್ತೇನೆ. ಊರಲ್ಲಿ ಅಡಿಕೆ ತೋಟ, ಹಂದಿ, ಮಂಗನ ಕಾಟಕ್ಕೆ ಲೈಸೆನ್ಸ್ ಇರುವ ಒಂದು ಕೋವಿ. ಚುನಾವಣೆ ಬಂದಾಗಲೆಲ್ಲ ಅದನ್ನು ಗೋಣಿಚೀಲದಲ್ಲಿ ಸುತ್ತಿ ಠಾಣೆಗೆ ಒಪ್ಪಿಸಿ, ಚೀಟಿ ಇಸ್ಕೊಂಡು, ಮುಗಿದ ಮೇಲೆ ತರುವವರು. ಬಿ-2ನಲ್ಲಿ ಇಲ್ಲಿಗೆ ಬಂದಿದ್ದಾಗ ಪಕ್ಕದ ಮನೆಯವರು ಜಿಂಕೆ ಬೇಟೆಗೆ ಹೊರಡುವ ತಯಾರಿಯಲ್ಲಿದ್ದರು. ಗ್ಯಾರೇಜಿನ ಟೇಬಲ್ ಮೇಲೆ ರೈಫಲ್ ಇಟ್ಟು ಎಣ್ಣೆ ಬಟ್ಟೆಯಲ್ಲಿ ಒರೆಸುತ್ತಿದ್ದರು. ಅಪ್ಪ ನೋಡುವ ರೀತಿಯಲ್ಲೇ ಇವರಿಗೆ ಕೋವಿ ಗೊತ್ತು ಅಂತ ಅವರಿಗೆ ತಿಳಿಯಿತು. ನಗುತ್ತಾ ಎತ್ತಿ ಕೊಡಲು ಬಂದರು. ಅಪ್ಪ ಎರಡೂ ಕೈ ಚಾಚಿಬಿಟ್ಟರು. "ಅಪ್ಪ, ಬೇಡ, ಮುಟ್ಟಬೇಡಿ" ಅಂದೆ, ಸ್ವಲ್ಪ ಜೋರಾಗೇ ಅಂದೆ. ಅವರ ಕೈ ಹಾಗೇ ನಿಂತಿತು. "ಯಾಕೋ, ನಾನೇನು ಕಳ್ಳನಾ?" ಅಂದರು. ರಾತ್ರಿ ಊಟಕ್ಕೆ ಕೂತಾಗ ಪೂರ್ತಿ ಬಿಡಿಸಿ ಹೇಳಿದೆ. ಕೇಳಿಸಿಕೊಂಡರು, ಜಾಸ್ತಿ ಮಾತಾಡಲಿಲ್ಲ. ಕೋರ್ಟಿನಲ್ಲಿ ಅಷ್ಟಕ್ಕೆಲ್ಲ ಯಾರೂ ಎಳೆಯುತ್ತಿರಲಿಲ್ಲವೇನೋ. ಆದರೂ ಆ ಮಾತನ್ನು ವಿಮಾನ ಹತ್ತುವ ಮುಂಚೆಯೇ ಹೇಳಿದ್ದರೆ ಅಪ್ಪನಿಗೆ ಆ ಮುಜುಗರ ಆಗುತ್ತಿರಲಿಲ್ಲ. ನೀವು ಮೊದಲೇ ಹೇಳಿಬಿಡಿ.

ಕೊಡಗಿನವರಿಗೆ ಬೇರೆಯಾಗಿ ಒಂದು ಮಾತು. ಅಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ, 2029ರವರೆಗೂ ವಿಸ್ತರಿಸಿದ್ದಾರೆ. ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ಹೂ ಮುಡಿಸಿ ಪೂಜೆ ಮಾಡುವ ಮನೆಯಲ್ಲಿ ಬೆಳೆದವರಿಗೆ ಕೋವಿ ಅಂದರೆ ಹೆದರಿಕೆ ಇರುವುದಿಲ್ಲ. ಆ ವಿನಾಯಿತಿ ಈ ದೇಶದಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ನೆನಪಿರಲಿ.

ಈಗ ಜಾಗದ ವಿಷಯ. ಫೆಡರಲ್ ಸರ್ಕಾರದ ಕಾಡು, ಕೆರೆ ಎಲ್ಲ ಒಂದೇ ಇಲಾಖೆಯದ್ದಲ್ಲ. ಗೇಟಿನ ಬೋರ್ಡಿನ ಮೇಲಿನ ಗುರುತು ನೋಡಿ. ಬಾಣದ ಮೊನೆಯ ಆಕಾರ, ಒಳಗೆ ಬೈಸನ್ ಮತ್ತು ಮರ ಇದ್ದರೆ ಪಾರ್ಕ್ ಸರ್ವಿಸ್. ಗುರಾಣಿಯಲ್ಲಿ ಪೈನ್ ಮರ ಇದ್ದರೆ ಫಾರೆಸ್ಟ್ ಸರ್ವಿಸ್. ಹಾರುವ ಬಾತು ಇದ್ದರೆ ವನ್ಯಜೀವಿ ರೆಫ್ಯೂಜ್, ಅಂದರೆ ವನ್ಯಜೀವಿಧಾಮ. ಸಣ್ಣ ಕೋಟೆಯ ಚಿತ್ರ ಇದ್ದರೆ ಆರ್ಮಿ ಕೋರ್ ಆಫ್ ಇಂಜಿನಿಯರ್ಸ್, ಅಂದರೆ ಸೇನೆಯ ಇಂಜಿನಿಯರ್‌ಗಳ ಇಲಾಖೆ. ಗುರುತು ಬದಲಾದರೆ ನಿಯಮವೂ ಬದಲು.

ನ್ಯಾಷನಲ್ ಪಾರ್ಕ್ ಮತ್ತು ರೆಫ್ಯೂಜ್‌ಗಳಲ್ಲಿ 2010ರ ಫೆಬ್ರವರಿ 22ರಿಂದ ಕೋವಿ ಇಟ್ಟುಕೊಳ್ಳುವ ವಿಷಯದಲ್ಲಿ ಆ ಜಾಗ ಇರುವ ರಾಜ್ಯದ ಕಾನೂನೇ ನಡೆಯುತ್ತದೆ. ಕ್ರೆಡಿಟ್ ಕಾರ್ಡ್ ಕಂಪನಿಗಳಿಗೆ ಕಡಿವಾಣ ಹಾಕಲು 2009ರಲ್ಲಿ ಬಂದ ಕಾಯ್ದೆಯೊಳಗೆ ಈ ಕಲಮನ್ನೂ ಸೇರಿಸಿದ್ದರು. ಆದ್ದರಿಂದ ಯೆಲ್ಲೊಸ್ಟೋನ್‌ನಂಥ ಪಾರ್ಕಿನಲ್ಲಿ ವ್ಯೋಮಿಂಗ್, ಮೊಂಟಾನಾ, ಐಡಹೊ, ಮೂರೂ ರಾಜ್ಯಗಳ ಕಾನೂನು ಬರುತ್ತದೆ, ನೀವು ಎಲ್ಲಿ ನಿಂತಿದ್ದೀರಿ ಅನ್ನುವುದರ ಮೇಲೆ. ಡೆತ್ ವ್ಯಾಲಿಯ ಬಹುಪಾಲು ಕ್ಯಾಲಿಫೋರ್ನಿಯಾದಲ್ಲಿದೆ, ಒಂದು ಚೂರು ನೆವಾಡಾದಲ್ಲಿ. ಕೋವಿ ಒಯ್ಯಲು ಬೇರೆ ರಾಜ್ಯ ಕೊಟ್ಟ ಪರ್ಮಿಟನ್ನು ಕ್ಯಾಲಿಫೋರ್ನಿಯಾ ಒಪ್ಪುವುದಿಲ್ಲ. ಗ್ರೀನ್ ಕಾರ್ಡ್ ಅಥವಾ ಪೌರತ್ವ ಸಿಕ್ಕಿ ಕೋವಿ ಇಟ್ಟುಕೊಂಡವರು ಜಾಸ್ತಿ ಎಡವುವುದು ಇಲ್ಲೇ.

ಇಟ್ಟುಕೊಳ್ಳಬಹುದು ಅಂದರೆ ಹಾರಿಸಬಹುದು ಅಂತಲ್ಲ. ಬೇಟೆಗೆ ಅನುಮತಿ ಇರುವ ಕೆಲವು ಜಾಗ ಬಿಟ್ಟರೆ ಪಾರ್ಕಿನಲ್ಲಿ ಗುಂಡು ಹೊಡೆಯುವುದು ಅಪರಾಧ. ಇನ್ನು ಸರ್ಕಾರಿ ನೌಕರರು ಕೆಲಸ ಮಾಡುವ ಕಟ್ಟಡ, ಅಂದರೆ ವಿಸಿಟರ್ ಸೆಂಟರ್, ರೇಂಜರ್ ಆಫೀಸು, ಅದರೊಳಗೆ ಯಾವ ರಾಜ್ಯದ ಪರ್ಮಿಟ್ ಇದ್ದರೂ ಕೋವಿ ಒಯ್ಯುವಂತಿಲ್ಲ. ಬಿಗ್ ಬೆಂಡ್‌ನ ಆ ಮನುಷ್ಯ ಬಾಗಿಲಲ್ಲಿ ಓದಿದ್ದು ಅದನ್ನೇ. ಹೂವರ್ ಡ್ಯಾಮಿನಲ್ಲೂ ಹಾಗೇ, ಅಲ್ಲಿ ತಪಾಸಣೆ ಗೇಟಿನಲ್ಲೇ ಗಾಡಿ ನಿಲ್ಲಿಸುತ್ತಾರೆ.

ಕೋಟೆ ಗುರುತಿನ ಕೆರೆಗಳ ಬಗ್ಗೆ ಸ್ವಲ್ಪ ನಿಧಾನವಾಗಿ ಓದಿ, ಯಾಕಂದ್ರೆ ನಮ್ಮ ಯುಗಾದಿ ಪಿಕ್ನಿಕ್ಕು, ವನಭೋಜನ ಎಲ್ಲ ನಡೆಯುವುದು ಇಂಥ ಕಡೆಯೇ. ಡಲ್ಲಾಸ್ ಹತ್ತಿರದ ಲೂಯಿಸ್‌ವಿಲ್, ಗ್ರೇಪ್‌ವೈನ್, ಲವಾನ್. ಅಟ್ಲಾಂಟಾದವರಿಗೆ ಲೇನಿಯರ್, ಅಲಟೂನಾ. ಇವೆಲ್ಲ ಕೋರ್ ಕಟ್ಟಿದ ಅಣೆಕಟ್ಟುಗಳ ಹಿನ್ನೀರು. 2009ರ ಆ ಕಾಯ್ದೆ ಇವಕ್ಕೆ ಅನ್ವಯಿಸಲಿಲ್ಲ. ಕೋರ್‌ನ ಹಳೆಯ ನಿಯಮದಲ್ಲಿ ಲೋಡ್ ಮಾಡಿದ ಕೋವಿ, ತೋಟಾ, ಬಿಲ್ಲು ಬಾಣ ಎಲ್ಲ ನಿಷಿದ್ಧ. ಅನುಮತಿ ಇರುವ ಬೇಟೆ ಅಥವಾ ಮೀನುಗಾರಿಕೆ, ಶೂಟಿಂಗ್ ರೇಂಜ್, ಇಲ್ಲವೇ ಕೋರ್‌ನ ಜಿಲ್ಲಾ ಕಮಾಂಡರ್ ಬರೆದುಕೊಟ್ಟ ಅನುಮತಿ, ಇಷ್ಟೇ ದಾರಿ. ಹೊರಗಿನ ರಸ್ತೆಯಲ್ಲಿ ಸರಿಯಾಗಿದ್ದದ್ದು ಗೇಟು ದಾಟಿದ ಕೂಡಲೇ ತಪ್ಪು. ಇದನ್ನು ರಾಜ್ಯದ ಕಾನೂನಿಗೆ ಹೊಂದಿಸಬೇಕು ಅಂತ 2020ರಲ್ಲಿ ಒಂದು ಪ್ರಸ್ತಾವ ಬಂದಿತ್ತು, ಹಾಗಾಗಿ ನೀವು ಓದುವ ಹೊತ್ತಿಗೆ ನಿಯಮ ಬದಲಾಗಿದ್ದರೂ ಇರಬಹುದು. ಅದೇ ಕೆರೆಯ ಸುತ್ತ ಊರಿನ ನಗರಸಭೆ ನಡೆಸುವ ಪಾರ್ಕುಗಳೂ ಇರುತ್ತವೆ. ಹಾಗಾಗಿ ಪಿಕ್ನಿಕ್ ಶೆಲ್ಟರ್ ಬುಕ್ ಮಾಡುವಾಗಲೇ ಆ ಕೆರೆಯ ಆಫೀಸಿಗೆ ಫೋನ್ ಮಾಡಿ ಈಗಿನ ನಿಯಮ ಕೇಳಿ. ಫೋನಿನಲ್ಲಿ ಸಮಾಧಾನವಾಗಿ ಹೇಳುತ್ತಾರೆ.

ನ್ಯಾಷನಲ್ ಫಾರೆಸ್ಟ್‌ನಲ್ಲಿ ಗುರಿ ಅಭ್ಯಾಸ ಮಾಡುವವರು ಸಿಗುತ್ತಾರೆ. ದೂರದಲ್ಲಿ ಢಂ ಢಂ ಕೇಳಿದರೆ ಗಾಬರಿ ಬೇಡ. ಮನೆ, ಕ್ಯಾಂಪ್ ಸೈಟ್, ಜನ ಇರುವ ಜಾಗದಿಂದ 150 ಗಜದೊಳಗೆ, ರಸ್ತೆಗೆ ಅಡ್ಡಲಾಗಿ, ನೀರಿನ ಮೇಲೆ, ಗುಹೆಯೊಳಗೆ ಹೊಡೆಯುವಂತಿಲ್ಲ. ನಿಮ್ಮ ಟೆಂಟಿನ ಹತ್ತಿರವೇ ಶಬ್ದ ಬಂದರೆ ಜಗಳಕ್ಕೆ ಹೋಗಬೇಡಿ. ಮಕ್ಕಳನ್ನು ಕರಕೊಂಡು ಅಲ್ಲಿಂದ ಹೊರಡಿ, ಆಮೇಲೆ ರೇಂಜರ್‌ಗೆ ಹೇಳಿ. ನವೆಂಬರ್ ಸುಮಾರಿಗೆ ಹೋದರೆ ಎಲ್ಲರಿಗೂ ಕಿತ್ತಳೆ ಬಣ್ಣದ ಜಾಕೆಟ್ ಹಾಕಿಸಿ, ಅದು ಬೇಟೆ ಕಾಲ.

ಕೋವಿ ಅಲ್ಲದಿದ್ದರೂ ಆಯುಧದ ಲೆಕ್ಕಕ್ಕೆ ಬರುವವು ಕೆಲವಿವೆ. ಪಾರ್ಕ್ ಸರ್ವಿಸ್‌ನ ಪಟ್ಟಿಯಲ್ಲಿ ಏರ್‌ಗನ್ ಇದೆ, ಬಿಲ್ಲು ಬಾಣ ಇದೆ, ಮಕ್ಕಳು ರಬ್ಬರ್ ಎಳೆದು ಕಲ್ಲು ಹೊಡೆಯುವ ಕ್ಯಾಟರ್‌ಬಿಲ್ಲೂ ಇದೆ. ಕರಡಿ ಮೇಲೆ ಬಿದ್ದರೆ ಹೊಡೆಯುವ ಖಾರದ ಸ್ಪ್ರೇಯನ್ನು ಯೆಲ್ಲೊಸ್ಟೋನ್‌ನಲ್ಲಿ ಜೊತೆಗಿಟ್ಟುಕೊಳ್ಳಿ ಅಂತ ರೇಂಜರ್‌ಗಳೇ ಹೇಳುತ್ತಾರೆ. ಯೊಸೆಮಿಟಿಯಲ್ಲಿ ಅದೇ ಸ್ಪ್ರೇ ನಿಷಿದ್ಧ. ವಿಮಾನದಲ್ಲಿ ತರುವಂತಿಲ್ಲ, ಯೆಲ್ಲೊಸ್ಟೋನ್‌ಗೆ ಹೊರಟರೆ ಅಲ್ಲೇ ಹೋಗಿ ಕೊಳ್ಳಿ. ಸ್ಪ್ರೇ ಇದೆ ಅಂತ ಹತ್ತಿರ ಹೋಗಬೇಡಿ, ಅಲ್ಲಿ ಕರಡಿಯಿಂದ 100 ಗಜ ದೂರ ಇರಬೇಕು.

ಕೊನೆಯದು ಕಾರು. ವೀಕೆಂಡ್ ಟ್ರಿಪ್ಪಿಗೆ ಯಾರ್ಯಾರದ್ದೋ ಗಾಡಿ ಹತ್ತುತ್ತೇವೆ. ಗ್ಲೋವ್ ಬಾಕ್ಸಿನಲ್ಲಿ ಪಿಸ್ತೂಲು ಇದೆ ಅಂತ ಗೊತ್ತಿದ್ದೂ ಆ ಗಾಡಿ ನೀವು ಓಡಿಸಿದರೆ, ಅದು ನಿಮ್ಮ ವಶದಲ್ಲಿತ್ತು ಅಂತ ವಾದ ಮಾಡಲು ಅವಕಾಶ ಆಗುತ್ತದೆ. ರೇಂಜರ್ ನಿಲ್ಲಿಸಿದರೆ ಕೈ ಸ್ಟೀರಿಂಗ್ ಮೇಲಿರಲಿ, ಕೇಳದೆ ಗ್ಲೋವ್ ಬಾಕ್ಸಿಗೆ ಕೈ ಹಾಕಬೇಡಿ. ಏನಾದರೂ ಎಡವಟ್ಟಾದರೆ ಮೊದಲು ಇಮಿಗ್ರೇಷನ್ ವಕೀಲರಿಗೆ ಫೋನ್ ಮಾಡಿ, ಗೆಳೆಯರಿಗೆ ಆಮೇಲೆ.

ಮೊನ್ನೆ ಹಾಸನ ಕಡೆಯ ಹುಡುಗನೊಬ್ಬ, ಎಫ್-1ನಲ್ಲಿ ಓದುತ್ತಿರುವವನು, ಫೋನ್ ಮಾಡಿದ್ದ. ಒಕ್ಲಹೋಮಾದ ವಿಚಿಟಾ ಮೌಂಟನ್ಸ್ ರೆಫ್ಯೂಜಿಗೆ ಹೊರಟಿದ್ದಾರೆ, ರೂಮ್‌ಮೇಟ್ ಇಲ್ಲಿಯವನೇ, ಅವನ ಟ್ರಕ್‌ನಲ್ಲಿ ಯಾವಾಗಲೂ ಪಿಸ್ತೂಲು ಇರುತ್ತದೆ, ಹೇಗೆ ಕೇಳುವುದು ಸಾರ್, ಬೇಜಾರು ಮಾಡಿಕೊಂಡರೆ ಅಂತ. "ನನ್ನ ವೀಸಾಗೆ ತೊಂದರೆ ಆಗುತ್ತೆ, ಮನೆಯಲ್ಲೇ ಇಟ್ಟು ಬರ್ತೀಯಾ ಅಂತ ನೇರ ಕೇಳಪ್ಪ" ಅಂದೆ. ಕೇಳಿದನಂತೆ. ಅವನು ಒಂದು ಮಾತೂ ಆಡದೆ ಮಹಡಿ ಹತ್ತಿ ಹೋಗಿ ಕಪಾಟಿನಲ್ಲಿಟ್ಟು ಬಂದನಂತೆ. ಭಾನುವಾರ ರಾತ್ರಿ ಬೈಸನ್ ಹಿಂಡಿನ ಫೋಟೋ ಕಳಿಸಿದ್ದ.