ಕಾಫಿಗೆ ಗುಳಿಗೆ ಇರಲಿ, ಗ್ಲೂಕೋಸ್ ಡಬ್ಬಿಯೂ ಇರಲಿ

ಮನೆಯಲ್ಲಿ ಯಾರಿಗಾದರೂ ಶುಗರ್ ಇದೆ ಅಂತ ಗೊತ್ತಾದ ಕೂಡಲೇ ಮೆಡಿಕಲ್ ಶಾಪಿನಿಂದ ಶುಗರ್ ಫ್ರೀ ಗುಳಿಗೆಯ ಪುಟ್ಟ ಡಬ್ಬಿ ಬರುತ್ತದೆ. ಬರಲಿ, ತಪ್ಪೇನಿಲ್ಲ. ದಿನಕ್ಕೆ ನಾಲ್ಕು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ ಸಕ್ಕರೆ ಅಂತ ಲೆಕ್ಕ ಹಾಕಿ. ಮಟ್ಟಸ ಚಮಚಕ್ಕೆ 4 ಗ್ರಾಂ ಅಂದರೂ 32 ಗ್ರಾಂ ಆಯಿತು. ಶುಗರ್ ಇರುವವರಿಗೆ ಇದು ಸಣ್ಣ ಮೊತ್ತವಲ್ಲ. ಇಷ್ಟನ್ನು ತಪ್ಪಿಸುವುದೇ ಗುಳಿಗೆಯ ಕೆಲಸ. ಆದರೆ "ಕಾಫಿಗೆ ಸಕ್ಕರೆ ಹಾಕಿಕೊಂಡಿಲ್ಲವಲ್ಲ" ಅಂತ ಇನ್ನೆರಡು ಬಿಸ್ಕತ್ತು ತೆಗೆದುಕೊಂಡರೆ, ಉಳಿಸಿದ್ದೆಲ್ಲ ಅಲ್ಲಿಗೆ ಹೋಯಿತು. ಸಕ್ಕರೆ ಚಮಚದ ಜಾಗದಲ್ಲಿ ಗುಳಿಗೆ ಕೂರಬಹುದು. ಅನ್ನ, ಮುದ್ದೆ, ಇಡ್ಲಿ, ದೋಸೆಯ ಲೆಕ್ಕ ಮಾತ್ರ ಇದ್ದ ಹಾಗೇ ಇರುತ್ತದೆ.

ಡಬ್ಬಿ ಕೊಳ್ಳುವಾಗ ಮುಂದಿನ ದೊಡ್ಡ ಅಕ್ಷರ ಬಿಟ್ಟು ಹಿಂದಿನ ಸಣ್ಣ ಅಕ್ಷರ ಓದಿ. ಒಳಗೆ ಆಸ್ಪರ್ಟೇಮ್ ಇದೆಯೋ, ಸುಕ್ರಲೋಸ್ ಇದೆಯೋ, ಸ್ಟೀವಿಯಾ ಇದೆಯೋ ನೋಡಿಕೊಳ್ಳಿ, ಏಕೆಂದರೆ ಅಡುಗೆ ಮನೆಯಲ್ಲಿ ಮೂರೂ ಒಂದೇ ಥರ ನಡೆದುಕೊಳ್ಳುವುದಿಲ್ಲ. ಆಸ್ಪರ್ಟೇಮ್ ಸಕ್ಕರೆಗಿಂತ ಸುಮಾರು 200 ಪಟ್ಟು ಸಿಹಿ, ಆದರೆ ಕುದಿಸಿದರೆ ಒಡೆದುಹೋಗಿ ಸಿಹಿ ಕಳೆದುಕೊಳ್ಳುತ್ತದೆ. ಅದನ್ನು ಲೋಟಕ್ಕೆ ಬಗ್ಗಿಸಿದ ಮೇಲೆ ಹಾಕಬೇಕು, ಒಲೆ ಮೇಲಿನ ಪಾತ್ರೆಗೆ ಅಲ್ಲ. ಸುಕ್ರಲೋಸ್ ಸುಮಾರು 600 ಪಟ್ಟು ಸಿಹಿ, ಬಿಸಿಗೂ ಸ್ವಲ್ಪ ತಡೆಯುತ್ತದೆ. ಪಾಯಸಕ್ಕೆ, ರಾಗಿ ಮಾಲ್ಟಿಗೆ ಅದೇ ಸರಿ. ಆದರೂ ನಾನು ಒಲೆ ಆರಿಸಿದ ಮೇಲೇ ಬೆರೆಸುವುದು. ಎಣ್ಣೆಯಲ್ಲಿ ಕರಿಯುವ, ಜೋರು ಉರಿಯಲ್ಲಿ ಬೇಯುವ ತಿಂಡಿಗೆ ಯಾವುದನ್ನೂ ಹಾಕಬೇಡಿ. ಸ್ಟೀವಿಯಾ ಗಿಡದ ಎಲೆಯಿಂದ ಬಂದದ್ದು. ಹಾಲಿಲ್ಲದ ಚಹಾದಲ್ಲಿ ಅದರ ಕೊನೆಯ ಕಹಿ ನಾಲಿಗೆಗೆ ತಗಲುತ್ತದೆ. ನಿಂಬೆ ಪಾನಕದಲ್ಲಿ ಹುಳಿ, ಏಲಕ್ಕಿ, ಚಿಟಿಕೆ ಉಪ್ಪು ಸೇರಿದರೆ ಅಷ್ಟು ತಿಳಿಯುವುದಿಲ್ಲ.

ಇನ್ನು ಹಬ್ಬದ ಅಡುಗೆ. ಮೈಸೂರು ಪಾಕನ್ನು ಗುಳಿಗೆಯ ಪುಡಿಯಲ್ಲಿ ಮಾಡಲು ಹೊರಡಬೇಡಿ. ಅದರ ಮೈ ನಿಲ್ಲುವುದೇ ಸಕ್ಕರೆ ಪಾಕದ ಮೇಲೆ, ಚಿಟಿಕೆ ಪುಡಿಯಿಂದ ಪಾಕ ಬರುವುದಿಲ್ಲ. ಹೋಳಿಗೆ ಹೂರಣವೂ ಅಷ್ಟೆ, ಬೆಲ್ಲ ಕರಗಿ ಬೇಳೆಯ ಜೊತೆ ಬಿಗಿಯಾದರೇನೇ ಉಂಡೆ ಕಟ್ಟಲು ಬರುವುದು. ಪಾಯಸವನ್ನು ಸುಕ್ರಲೋಸಿನಲ್ಲಿ ಮಾಡಬಹುದು, ಆದರೆ ಶಾವಿಗೆ ಶಾವಿಗೆಯೇ, ಅಕ್ಕಿ ಅಕ್ಕಿಯೇ, ಹಾಲಿನಲ್ಲೂ 100 ಮಿಲಿಗೆ 5 ಗ್ರಾಂನಷ್ಟು ಅದರದೇ ಸಕ್ಕರೆ ಇದೆ. ಅದಕ್ಕೇ ನಮ್ಮ ಮನೆಯಲ್ಲಿ ಯುಗಾದಿಗೆ ಬೆಲ್ಲದ ಹೋಳಿಗೆಯನ್ನೇ ಮಾಡುತ್ತೇನೆ. ಶುಗರ್ ಇರುವವರಿಗೆ ಅರ್ಧ ಹೋಳಿಗೆ, ಅವತ್ತು ಅವರ ಎಲೆಗೆ ಅನ್ನ ಕಡಿಮೆ, ಕೋಸಂಬರಿ ಮತ್ತು ಪಲ್ಯ ಜಾಸ್ತಿ. ಶುಗರ್ ಫ್ರೀ ಅಂತ ಹೇಳಿ ಎರಡು ಬಟ್ಟಲು ಪಾಯಸ ಬಡಿಸುವುದಕ್ಕಿಂತ ಇದು ಎಷ್ಟೋ ಮೇಲು.

ಅಂಗಡಿಯ ಶುಗರ್ ಫ್ರೀ ಸಿಹಿಯ ಬಗ್ಗೆ ನನಗೆ ನಿಜಕ್ಕೂ ಆತಂಕವಿದೆ. ಖರ್ಜೂರ ಅಂಜೂರದ ಬರ್ಫಿಗೆ ಸಕ್ಕರೆ ಹಾಕಿರಲಿಕ್ಕಿಲ್ಲ, ಆದರೆ ಒಣ ಖರ್ಜೂರದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ. ಜೇನುತುಪ್ಪ, ಬೆಲ್ಲ ಕೂಡ ರಕ್ತಕ್ಕೆ ಹೋದರೆ ಸಕ್ಕರೆಯ ಹಾಗೆಯೇ. ಶುಗರ್ ಫ್ರೀ ಬಿಸ್ಕತ್ತಿನಲ್ಲಿ ಮೈದಾ ಇರುತ್ತದೆ. ಶುಗರ್ ಫ್ರೀ ಚಾಕೊಲೇಟಿನಲ್ಲಿ ಹೆಚ್ಚಾಗಿ ಸಕ್ಕರೆ ಬದಲು ಮಾಲ್ಟಿಟಾಲ್ ಅನ್ನುವ ಸಿಹಿಪುಡಿ ಹಾಕಿರುತ್ತಾರೆ. ಅದು ಸ್ವಲ್ಪ ಮಟ್ಟಿಗೆ ಶುಗರ್ ಏರಿಸುತ್ತದೆ, ಜಾಸ್ತಿ ತಿಂದರೆ ಹೊಟ್ಟೆ ಉಬ್ಬರ, ಭೇದಿ. ಹೊಸ ತಿಂಡಿ ತಂದಾಗ ಮನೆಯ ಗ್ಲೂಕೋಮೀಟರಿನಲ್ಲಿ ತಿನ್ನುವ ಮೊದಲು ಒಮ್ಮೆ, ಎರಡು ಗಂಟೆ ಬಿಟ್ಟು ಒಮ್ಮೆ ನೋಡಿ. ಡಬ್ಬಿ ಹೇಳದ್ದನ್ನು ಅದು ಹೇಳುತ್ತದೆ.

ಈ ಗುಳಿಗೆಯಿಂದ ಕ್ಯಾನ್ಸರ್ ಬರುತ್ತದೆಯೇ ಅಂತ ತುಂಬ ಜನ ಹೆದರುತ್ತಾರೆ. 2023ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಆಸ್ಪರ್ಟೇಮನ್ನು ಕ್ಯಾನ್ಸರಿಗೆ ಕಾರಣ ಆಗಿರಬಹುದಾದ ವಸ್ತುಗಳ ಪಟ್ಟಿಗೆ ಸೇರಿಸಿತು. ಪುರಾವೆ ಸೀಮಿತ ಅಂತಲೂ ಹೇಳಿತು. ಅದೇ ಹೊತ್ತಿಗೆ ಆಹಾರದ ತಜ್ಞರ ಸಮಿತಿ ದಿನದ ಮಿತಿಯನ್ನು ಬದಲಿಸದೆ, ದೇಹದ ತೂಕದ ಪ್ರತಿ ಕಿಲೋಗೆ 40 ಮಿಲಿಗ್ರಾಂ ಅಂತಲೇ ಉಳಿಸಿತು. 60 ಕಿಲೋ ತೂಕದವರಿಗೆ ಅದು 2400 ಮಿಲಿಗ್ರಾಂ ಆಯಿತು. ದಿನಕ್ಕೆ ನಾಲ್ಕಾರು ಗುಳಿಗೆ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಆದರೂ ಎರಡು ಗುಳಿಗೆ ಹಾಕುವವರು ಒಂದಕ್ಕೆ, ಆಮೇಲೆ ಅರ್ಧಕ್ಕೆ ಇಳಿಸಿ ಅನ್ನುತ್ತೇನೆ. ಕೆಲವು ವಾರದಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ, ಡಿಕಾಕ್ಷನ್ನಿನ ರುಚಿಯೂ ಆಗಲೇ ಚೆನ್ನಾಗಿ ತಿಳಿಯುವುದು. ಬಸುರಿಯರು ಮಾತ್ರ ಡಾಕ್ಟರನ್ನು ಕೇಳದೆ ಯಾವುದನ್ನೂ ತೆಗೆದುಕೊಳ್ಳಬಾರದು. ಸ್ಯಾಕರಿನ್ ಅನ್ನುವ ಇನ್ನೊಂದು ಸಿಹಿಪುಡಿ ಇದ್ದರಂತೂ ಬೇಡವೇ ಬೇಡ.

ಈಗ ಹೇಳುವುದನ್ನು ಮನೆಮಂದಿಯೆಲ್ಲ ತಿಳಿದಿರಬೇಕು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ, ಗ್ಲಿಮಿಪಿರೈಡ್‌ನಂಥ ಮಾತ್ರೆ ನುಂಗುವವರಿಗೆ ಊಟ ತಡವಾದರೆ ಶುಗರ್ ದಿಢೀರನೆ ಇಳಿಯಬಹುದು. ಮೈ ಬೆವರುತ್ತದೆ, ಕೈ ನಡುಗುತ್ತದೆ, ಮಾತು ತೊದಲುತ್ತದೆ. ಗ್ಲೂಕೋಮೀಟರಿನಲ್ಲಿ ಶುಗರ್ 70ಕ್ಕಿಂತ (mg/dL) ಕೆಳಗೆ ಬಂದಾಗ ಗುಳಿಗೆ ಹಾಕಿದ ಕಾಫಿ, ಡಯಟ್ ಕೋಲಾ ಕೊಟ್ಟರೆ ಏನೂ ಪ್ರಯೋಜನವಿಲ್ಲ, ಅದರಲ್ಲಿ ರಕ್ತಕ್ಕೆ ಸೇರುವ ಸಕ್ಕರೆಯೇ ಇಲ್ಲ. ಆಗ ಬೇಕಾದ್ದು 15 ಗ್ರಾಂನಷ್ಟು ನಿಜವಾದ ಸಕ್ಕರೆ, ಅಂದರೆ ಮೂರು ನಾಲ್ಕು ಚಮಚ, ನೀರಿನಲ್ಲಿ ಕದಡಿ. ಚಾಕೊಲೇಟ್ ಬೇಡ, ಕೊಬ್ಬು ಇರುವುದರಿಂದ ನಿಧಾನ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ ಮಾಡಿ, ಏರಿಲ್ಲದಿದ್ದರೆ ಇನ್ನೊಮ್ಮೆ ಕೊಡಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಇದರಲ್ಲೂ ಒಂದು ಸೂಕ್ಷ್ಮ ಇದೆ. ಮಾತ್ರೆ ಪಟ್ಟಿಯ ಮೇಲೆ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಅಂತಿದೆಯೇ ನೋಡಿ. ಅವು ಹೊಟ್ಟೆಯಲ್ಲಿ ಸಕ್ಕರೆ ಒಡೆಯುವುದನ್ನು ತಡೆದು ನಿಧಾನ ಮಾಡುವ ಔಷಧಿಗಳು. ಅಂಥವರಿಗೆ ಅಡುಗೆ ಮನೆಯ ಸಕ್ಕರೆ ಬೇಗ ಕೈ ಹಿಡಿಯುವುದಿಲ್ಲ, ಗ್ಲೂಕೋಸ್ ಪುಡಿಯೇ ಬೇಕು. ಶುಗರ್ ಫ್ರೀ ಡಬ್ಬಿ ಮತ್ತು ಗ್ಲೂಕೋಸ್ ಡಬ್ಬಿಯನ್ನು ಒಂದೇ ಶೆಲ್ಫಿನಲ್ಲಿ ಇಡಬೇಡಿ, ಗಾಬರಿಯಲ್ಲಿ ಕೈ ತಪ್ಪೀತು. ಗ್ಲೂಕೋಸ್ ಡಬ್ಬಿಯ ಮೇಲೆ "ಶುಗರ್ ಇಳಿದಾಗ" ಅಂತ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ, ಮೊಮ್ಮಕ್ಕಳಿಗೂ ಮನೆಗೆಲಸಕ್ಕೆ ಬರುವವರಿಗೂ ಒಮ್ಮೆ ತೋರಿಸಿಡಿ.